ಜರ್ಮನ್ ಅಯ್ನೋರು ಓದಿದ ಕಾಗದಗಳು

...ಅದಕ್ಕೇ ನಾನು ಬಡ್ಕೊಳ್ಳೋದು ರಾಜೇಶ್ವರಿ, ಇಂಗ್ಲಿಷ್ ಬರೋರು ಜರ್ಮನ್ ಕಲಿಯೋಕೆ ಬಂದ್ರೆ ನನಗೆ ತಲೆನೋವು ಜಾಸ್ತಿ. ಏನೂ ಬರದೆ ಇರೋನೇ ವಾಸಿ, ಹೇಳ್ಕೊಟ್ಟಿದ್ದನ್ನ ಹೇಳ್ಕೊಟ್ಟ ಹಾಗೆ ಕಲೀತಾನೆ. ನೀನು ಎಸ್ಸೆಸ್ಸೆಲ್ಸೀಲಿ ಇಂಗ್ಲಿಷಿಗೆ ಐವತ್ತೆಂಟು ತಗೊಂಡೋಳು. ‘ಬೆಕೊಮೆನ್’ ಅಂತ ಕಂಡ ತಕ್ಷಣ ‘ಬಿಕಮ್’ ಅಂದ್ಬಿಡ್ತೀಯ. ಅಲ್ಲ! ಆಗೋದಲ್ಲ, ಸಿಗೋದು. ಕಾಗದ ಸಿಕ್ತು, ರಜ ಸಿಕ್ತು, ಎಲ್ಲಕ್ಕೂ ಬೆಕೊಮೆನ್. ಬರ್ಕೋ. ಯಾಕೆ, ನೋಟ್ ಪುಸ್ತಕ ತೆಗೀಲೇ ಇಲ್ವಲ್ಲ?

ನಮ್ಮ ಫ್ಯಾಕ್ಟರಿಗೆ ಮೊದಮೊದಲು ಬಂದ ಜರ್ಮನ್ ಇಂಜಿನಿಯರು ಏನ್ ಮಾಡಿದ ಗೊತ್ತಾ? ಕ್ಯಾಂಟೀನಲ್ಲಿ ಎದೆ ಸೆಟೆಸ್ಕೊಂಡು ನಿಂತು ‘ಐ ಬಿಕಮ್ ಒನ್ ಉಪ್ಪಿಟ್ಟು’ ಅಂದ. ನಮ್ಮ ಸಪ್ಲೈಯರ್ ಸೇತುರಾಮ, ಮಹಾ ಕಿಲಾಡಿ, ಒಂದಿಷ್ಟೂ ನಗದೆ, ‘ಆಗಿ ಸಾರ್, ನಮ್ಮದೇನೂ ಅಭ್ಯಂತರ ಇಲ್ಲ’ ಅಂದ್ನಂತೆ! ಹ್ಹಹ್ಹ... ಬಾಯಾರಿದ್ಯಾ? ನೀರು ಕೊಡ್ಲಾ? ಬೇರೆ ದಿನ ಆಗಿದ್ರೆ ಇಷ್ಟೊತ್ತಿಗೆ ಬಾಯಿಗೆ ಸೆರಗು ಅಡ್ಡ ಹಿಡಿದು ನಗ್ತಿದ್ದೆ.

ಓ, ಬಾಗಿಲಿಗೆ ಯಾಕೆ ಚಿಲಕ ಹಾಕಿದೀಯ? ತೆಗಿ ತಾಯಿ, ಸೆಕೆ. ನಮ್ಮ ಮನೆಯಾಕೆ ಶಿವಗಂಗಮ್ಮ ಶ್ರಾವಣ ಸೋಮವಾರ ಅಂತ ಮಠಕ್ಕೆ ಹೋಗಿದಾಳೆ, ಪ್ರವಚನ ಮುಗಿಸ್ಕೊಂಡು ಬರೋಹೊತ್ತಿಗೆ ಐದೂವರೆ ಆಗುತ್ತೆ. ಮನೇಲಿ ನಾವಿಬ್ರೇ ಇರೋವಾಗ ಬಾಗಿಲು ಹಾಕಿದ್ರೆ ಎದುರುಮನೆ ಜಗದಾಂಬಾ ಏನಂದ್ಕೋಬೇಕು? ನಿನ್ನ ತಂದೆ ವಯಸ್ಸಿನೋನು ನಾನು, ಆದ್ರೂ ರಾಜಾಜಿನಗರದ ಜನದ ಬಾಯಿ ನಿನಗೆ ಗೊತ್ತಲ್ಲ. ಹೋಗ್ಲಿ ಬಿಡು, ಹಾಕಿರ್ಲಿ. ಕೂತ್ಕೋ. ಕೂತ್ಕೊಳ್ಳಮ್ಮ, ಎಷ್ಟೊತ್ತು ನಿಂತಿರ್ತೀಯ?

ನಿಮ್ಮತ್ತೆ ಹೇಗಿದಾರೆ? ಶಿವಕ್ಕನವರ ಮಂಡಿನೋವು? ಹೋದ ವಾರ ಅವರು ನಿನ್ನ ಕೈಲಿ ವಿಭೂತಿ ಗಟ್ಟಿ ಕಳಿಸಿದ್ರು, ಮಗನಿಗೆ ಕಳಿಸಿಕೊಡಿ ಅಯ್ನೋರೇ ಅಂತ. ಕಳಿಸ್ತೀನಿ. ಕಳಿಸದೆ ಏನು. ಇವತ್ತಲ್ಲ ನಾಳೆ ಪೋಸ್ಟಿಗೆ ಹಾಕ್ತೀನಿ... ಪಾಠ ಮುಂದುವರಿಸೋಣ.

‘ವಿಂಕೆನ್’ ನೆನಪಿದ್ಯಾ? ಅಯ್ಯೋ, ಆವತ್ತು ನಿನ್ನ ಮುಖ ನೋಡ್ಬೇಕಾಗಿತ್ತು! ಮನೆ ಓನರಮ್ಮ ಫ್ರೌ ಹೂಬರ್ ಬರೆದಿದ್ಲಲ್ಲ, ನಿನ್ನ ಗಂಡ ಬೆಳಿಗ್ಗೆ ಕೆಲಸಕ್ಕೆ ಹೋಗೋವಾಗ ಕಿಟಕಿ ಹತ್ರ ನಿಂತು ನನಗೆ ‘ವಿಂಕ್’ ಮಾಡ್ತಿದ್ದ ಅಂತ. ನೀನು ಕಣ್ಣು ಹೊಡೀತಿದ್ದ ಅಂತ ತಿಳ್ಕೊಂಡು ಕೆಂಡ ಆಗ್ಬಿಟ್ಟೆ! ಅರವತ್ತೈದು ವರ್ಷದ ಮುದುಕಿ ಕಣೇ ಅದು ಅಂತ ನಾನು ಹೇಳಿ, ಕಣ್ಣು ಹೊಡೆಯೋದಲ್ಲ, ಕೈ ಬೀಸೋದು ಅಂತ ಬಿಡಿಸಿ ಹೇಳಿದ್ಮೇಲೆ ನಿನ್ನ ಜೀವ ತಣ್ಣಗಾಯ್ತು. ನಿಮ್ಮತ್ತೆ ಅಂತೂ ನಕ್ಕು ನಕ್ಕು ಕಣ್ಣೊರೆಸ್ಕೊಂಡ್ರು. ‘ನನ್ನ ಮಗ ಕರಿಬಸಪ್ಪ ಅಂಥೋನಲ್ಲ’ ಅಂತ.

...ಯಾಕೆ ಹಾಗೆ ನೋಡ್ತೀಯ?

‘ಮಾಡ್ತಿದ್ದ’ ಅಂದ್ನಾ? ಬಾಯಿತಪ್ಪು. ‘ಮಾಡ್ತಾನೆ’ ಅಂತ. ದಿನಾ ಮಾಡ್ತಾನೆ. ಕೈ ಗಾಯ ಇನ್ನೂ ಪೂರ್ತಿ ಮಾಗಿಲ್ವಲ್ಲ, ಅದಕ್ಕೆ ಎಡಗೈಲಿ ಬೀಸ್ತಾನೆ. ಬಲಗೈ ಲೇತ್ ಮೆಷಿನ್ನಿಗೆ ಸಿಕ್ಕಿದ್ದಲ್ವಾ. ಪೆನ್ನು ಹಿಡಿಯೋಕೆ ಆಗಲ್ಲ ಅಂತ ತಾನೇ ಅವನ ಬದಲು ಆ ಮುದುಕಿ ಬರೆಯೋದು. ಗೊತ್ತಿರೋದನ್ನೇ ಎಷ್ಟು ಸಲ ಹೇಳ್ಲಿ!

ಸೆರಗಿನಡಿ ಏನದು? ತೋರಿಸು. ಏರ್‌ಮೇಲ್ ಕವರು... ಜರ್ಮನ್ ಸ್ಟಾಂಪು. ಇದು ಯಾವಾಗ ಬಂತು? ನನ್ನ ವಿಳಾಸಕ್ಕಲ್ವಾ ಎಲ್ಲಾ ಕಾಗದ ಬರಬೇಕಾಗಿದ್ದು? ನಿಮ್ಮ ಮಾರೇನಹಳ್ಳಿ ಮನೆಗೇ ಬಂತಾ? ಅವಳಿಗೆ ಆ ವಿಳಾಸ ಯಾರು... ಓ. ನೀನು ಅವನಿಗೆ ಬರೀತಿದ್ದ ಕಾಗದದ ಹಿಂದೆ ಇರುತ್ತಲ್ಲ. ಅವನ ಪೆಟ್ಟಿಗೇಲಿ ಸಿಕ್ಕಿರ್ಬೇಕು. ಸರಿ, ಕೊಡು ಇಲ್ಲಿ. ಓದಿ ಹೇಳ್ತೀನಿ. ಕನ್ನಡಕ ಎಲ್ಲಿಟ್ಟೆ ನಾನು... ಕೊಡಮ್ಮ. ಕೈ ಯಾಕೆ ಹಿಂದಕ್ಕೆ ತಗೋತೀಯ?

ಒಡೆದಿದೆ. ನೀನೇ ಓದಿದ್ಯಾ? ತಲೆ ಆಡಿಸಿದ್ರೆ ಏನು ತಿಳ್ಕೊಳ್ಳೋದು, ಬಾಯಿಬಿಡು. ಎಷ್ಟು ದಿನ ಆಯ್ತು? ಮೂರು ದಿನ? ಮೂರು ದಿನದಿಂದ ಇಟ್ಕೊಂಡಿದೀಯ! ನಿಮ್ಮತ್ತೆಗೆ ತೋರಿಸಿದ್ಯಾ? ಇಲ್ಲ ತಾನೇ? ಒಳ್ಳೇದು ಮಾಡಿದೆ. ಡಿಕ್ಷನರಿ ಎಲ್ಲಿ ಸಿಕ್ತು? ಕಬ್ಬನ್ ಪಾರ್ಕ್ ಲೈಬ್ರರಿಗೆ ಒಬ್ಳೇ ಹೋಗಿದ್ಯಾ, ಬಸ್ ಹತ್ಕೊಂಡು? ಅಬ್ಬಬ್ಬಾ, ಏನು ಧೈರ್ಯ. ಅಲ್ಲ ತಾಯಿ, ಡಿಕ್ಷನರಿ ಹಿಡ್ಕೊಂಡು ಪದಪದಕ್ಕೆ ಅರ್ಥ ಹಚ್ಚಿದ್ರೆ ಕಾಗದ ಓದಿದ ಹಾಗಾಗುತ್ತಾ? ನಾನು ಇಪ್ಪತ್ತೆರಡು ವರ್ಷ ಡ್ರಾಯಿಂಗ್ ಆಫೀಸಲ್ಲಿ ಜರ್ಮನ್ ಕಾಗದ ಓದಿದೋನು. ಈ ಬಡಾವಣೇಲಿ ‘ಜರ್ಮನ್ ಅಯ್ನೋರ ಮನೆ’ ಅಂದ್ರೆ ತರಕಾರಿಯೋನೂ ತೋರಿಸ್ತಾನೆ. ನೀನು ಕಲಿಯೋಕೆ ಶುರು ಮಾಡಿದ್ದು ಫೆಬ್ರವರೀಲಿ. ಆರು ತಿಂಗಳು ಆಗಿಲ್ಲ!

ಅದೂ ನಾನು ನಿನಗೆ ಆಗಿಹೋದದ್ದನ್ನ ಹೇಳೋದು ಇನ್ನೂ ಕಲಿಸೇ ಇಲ್ಲ. ಈಗ ನಡೀತಿರೋದು, ಮುಂದೆ ನಡೆಯೋದು, ಅಷ್ಟೇ. ಎಷ್ಟು ಸಲ ಕೇಳಿದೆ ನೀನು, ‘ಅಯ್ನೋರೇ, ಆಗಿಹೋದದ್ದರ ಪಾಠ ಯಾವಾಗ’ ಅಂತ. ಆಷಾಢ ಕಳೀಲಿ ಅಂದೆ. ಆಷಾಢಕ್ಕೂ ಪಾಠಕ್ಕೂ ಏನು ಸಂಬಂಧ ಅಂತ ನೀನು ಕೇಳ್ಬೇಕಾಗಿತ್ತು. ಕೇಳ್ಲಿಲ್ಲ, ನಂಬಿದೆ.

ಯಾವ ಪದ? ಬೆರಳಿಟ್ಟು ತೋರಿಸು... ‘ಶ್ಟಾರ್ಬ್.’ ಹ್ಞಾ. ಅದಾ? ಅದಕ್ಕಾ ಇಷ್ಟು ಗಾಬರಿ? ಇಂಗ್ಲಿಷಲ್ಲಿ ‘ಸ್ಟಾರ್ವ್’ ಇಲ್ವೇನೇ? ಅದೇ ಇದು! ಉಪವಾಸ. ಊಟ ಸರಿಯಾಗಿ ಮಾಡ್ತಿಲ್ಲ ಅಂತ ಮುದುಕಿ ದೂರು ಹೇಳಿದಾಳೆ. ಅಲ್ಲಿ ಎಲ್ಲಾದ್ರಲ್ಲೂ ಮಾಂಸ, ನಮ್ಮ ಹುಡುಗ ಲಿಂಗ ಕಟ್ಕೊಂಡೋನು, ಬ್ರೆಡ್ಡು ಆಲೂಗಡ್ಡೆ ತಿಂದು ಎಷ್ಟು ದಿನ ಇರ್ತಾನೆ? ಬಡವಾಗಿದಾನೆ ಅಷ್ಟೇ. ನಾನು ಬರೀತೀನಿ, ಅನ್ನ ಬೇಯಿಸಿ ಕೊಡಮ್ಮ ಅಂತ. ಇವತ್ತೇ ಬರೀತೀನಿ. ಆಯ್ತಾ? ಸಮಾಧಾನ ಆಯ್ತಾ?

ನೋಟ್ ಪುಸ್ತಕ ಈಗ ಯಾಕೆ ತೆಗೀತೀಯ?

ಗೊತ್ತು. ಏನು ನೋಡ್ತಾ ಇದೀಯ ಅಂತ ಗೊತ್ತು. ನಾನೇ ಹೇಳ್ಕೊಟ್ಟಿದ್ದು, ಇಂಗ್ಲಿಷಿನ ಹೋಲಿಕೆ ನಂಬ್ಬೇಡ, ಮುಖ ಒಂದೇ ಇರುತ್ತೆ ಮನೆ ಬೇರೆ ಇರುತ್ತೆ ಅಂತ. ಮೊದಲನೇ ದಿನ ಮೊದಲನೇ ಪಾಠ ಅದೇ. ನಿನ್ನ ಪುಸ್ತಕದಲ್ಲಿ ಕೆಂಪು ಇಂಕಲ್ಲಿ ನಾನೇ ಬರೆದಿದೀನಿ.

ಸರಿ. ಹೇಳ್ತೀನಿ. ನೀರು ಕುಡೀತೀನಿ ತಾಳು...

ಹೋಗ್ಬಿಟ್ಟ ತಾಯಿ. ಕರಿಬಸಪ್ಪ ಹೋಗ್ಬಿಟ್ಟ. ಫೆಬ್ರವರೀಲೇ. ಶಿವರಾತ್ರಿಗೆ ಎರಡು ದಿನ ಮುಂಚೆ.

ತಂತಿ ಬಂದಿದ್ದು ಶಿವರಾತ್ರಿ ದಿನ. ನನ್ನ ವಿಳಾಸಕ್ಕೆ. ನಾನು ಅಂಗಿ ತೊಟ್ಕೊಂಡು ಮಾರೇನಹಳ್ಳಿ ತನಕ ಬಂದೆ, ನಿಜವಾಗ್ಲೂ ಬಂದೆ, ಬಸವಣ್ಣನಾಣೆ. ನಿಮ್ಮತ್ತೆ ತೊಟ್ಟು ನೀರೂ ಮುಟ್ಟದೆ ಉಪವಾಸ ಕೂತಿದ್ರು. ನೀನು ಪೂಜೆಗೆ ಬಿಲ್ವಪತ್ರೆ ತೊಳೀತಿದ್ದೆ. ನನ್ನ ನೋಡಿ ‘ಅಯ್ನೋರೇ, ಕಾಗದ ಬಂತಾ’ ಅಂದೆ. ಒಂದು ವಾರದ ಹಿಂದೆ ತಾನೇ ಕೈ ಗಾಯದ ಕಾಗದ ಓದಿ ಹೇಳಿದ್ದೆನಲ್ಲ. ಏನಂತ ಹೇಳ್ಲಿ? ‘ಬಂತು, ಹುಷಾರಾಗ್ತಿದಾನೆ’ ಅಂದೆ. ಬಾಯಿಂದ ಬಂದ್ಬಿಡ್ತು. ನಿಮ್ಮತ್ತೆ ಎದ್ದು ಬಂದು ನನ್ನ ಕಾಲಿಗೆ ಬಿದ್ರು. ಆಮೇಲೆ ಹೇಗೆ ತಿದ್ದಲಿ? ನಾಳೆ ಹೇಳೋಣ, ನಾಳಿದ್ದು ಹೇಳೋಣ... ದಿನ ಕಳೆದಷ್ಟೂ ನಾಲಗೆ ಏಳ್ಲೇ ಇಲ್ಲ.

ಅನಾಥನ ಹಾಗೆ ಬಿಟ್ಟೆ ಅಂದ್ಕೋಬೇಡ. ಸುಡೋದಾ ಹೂಳೋದಾ ಅಂತ ತಂತೀಲಿ ಕೇಳಿದ್ರು. ನಾನೇ ಉತ್ತರ ಕಳಿಸಿದೆ, ಸುಡಬೇಡಿ, ಹೂಳಿ, ಕೊರಳಲ್ಲಿರೋ ಇಷ್ಟಲಿಂಗ ಅಂಗೈಲಿಡಿ ಅಂತ. ಹಾಗೇ ಮಾಡಿದ್ರು. ಒಬ್ಬ ಜಂಗಮನಾಗಿ ನಾನು ಮಾಡ್ಬೇಕಾದ್ದು ಮಾಡಿದೀನಿ.

ಏನು? ಯಾರನ್ನ ಕೇಳಿ ಅಂತಾನಾ? ನಿನ್ನ ಕಾಗದದಲ್ಲಿ ಅದೂ ಇದ್ಯಾ, ‘ನಿಮ್ಮ ಮನೆಯವರು ತಿಳಿಸಿದ ಹಾಗೆ’ ಅಂತ? ಹೌದು, ಮನೆಯವರು ಹೀಗಂದ್ರು ಅಂತ ನಾನೇ ಬರೆದೆ. ಬೇರೆ ಏನಂತ ಬರೀಲಿ!

ಆಮೇಲಿನ ಕಾಗದಗಳು... ಹೌದು, ಮುದುಕಿಯ ಆ ‘ವಿಂಕೆನ್’ ಸಾಲೊಂದು ಬಿಟ್ಟು ಎಲ್ಲಾ ನಾನೇ ಕಟ್ಟಿದ್ದು. ಹಿಮ ಬಿತ್ತು, ಕೋಟು ಕೊಂಡ್ಕೊಂಡ, ಅಮ್ಮನ ಕೈ ರೊಟ್ಟಿ ಕನಸಲ್ಲಿ ಬಂತು. ಮೇ ತಿಂಗಳಲ್ಲಿ ನಿಮ್ಮತ್ತೆ ಮುಂದೆ ಹಿಡ್ಕೊಂಡು ಓದಿದ್ನಲ್ಲ, ಅದು ಕಾಗದ ಅಲ್ಲ, ಗ್ರೈಂಡಿಂಗ್ ಮೆಷಿನ್ನಿನ ಕ್ಯಾಟಲಾಗಿಂದ ಹರಿದ ಹಾಳೆ. ಅದನ್ನ ನೋಡ್ಕೊಂಡು ‘ಅವ್ವಾ, ನಿನ್ನ ಮಂಡಿಗೆ ಎಣ್ಣೆ ಹಚ್ಕೋ’ ಅಂತ ಓದಿದೆ. ಶಿವಕ್ಕ ಅತ್ರು. ನೀನೂ ಅತ್ತೆ. ನನಗೂ ಅಳು ಬಂತು. ಒಂದೊಂದ್ಸಲ ನಿಜವಾಗ್ಲೂ ಅವನೇ ಬರೆಸಿದ ಹಾಗೆ ಅನ್ನಿಸ್ತಿತ್ತು ನನಗೆ... ಅವನು ಬರೀತಿದ್ದ ಕಾಗದಕ್ಕಿಂತ ಚೆನ್ನಾಗಿರ್ತಿತ್ತು ಅಂತ ನೀನೇ ಹೇಳಿದ್ದೆ. ಹೇಳಿದ್ಯೋ ಇಲ್ವೋ?

ಆ ಮೊದಲನೇದೊಂದು ನಿಜವಾದ ಕಾಗದ. ಆಸ್ಪತ್ರೆಗೆ ಸೇರಿದಾನೆ, ತುಂಬ ರಕ್ತ ಹೋಗಿತ್ತು, ಜೊತೆ ಕೆಲಸದೋರು ‘ಶ್ಪೆಂಡೆನ್’ ಮಾಡಿದ್ರು ಅಂತ. ನೀನು ಏಪ್ರಿಲಲ್ಲಿ ಅದನ್ನ ತಿರುಗಾ ಓದ್ತಾ ಕೇಳಿದ್ದೆ, ರಕ್ತಾನ ಯಾಕೆ ಖರ್ಚು ಮಾಡ್ತಾರೆ ಅಂತ. ಖರ್ಚಲ್ಲ ಕಣೇ, ದಾನ ಅಂದೆ. ಅಷ್ಟು ಸತ್ಯ ಹೇಳಿದೀನಿ. ಆದ್ರೆ ಅದರ ಕೊನೇ ಸಾಲು... ‘ಏರ್ ವಿಲ್ ನಾಖ್ ಹೌಸೆ.’ ಮನೆಗೆ ಬರ್ತಾನಂತೆ ಅಂದೆ ನಾನು. ಆ ‘ವಿಲ್’ ಇಂಗ್ಲಿಷಿನ ವಿಲ್ ಅಲ್ಲ ಅಂತ ನನಗೆ ಚೆನ್ನಾಗಿ ಗೊತ್ತಿತ್ತು. ಬರ್ತಾನೆ ಅಲ್ಲ. ಮನೆಗೆ ಹೋಗ್ಬೇಕು ಅಂತಿದಾನೆ, ಅಂತ. ಹಾಗಂದ್ರೆ ನೀವಿಬ್ರೂ ಹೆದರ್ತೀರ ಅಂತ ಬರ್ತಾನೆ ಅಂದೆ. ಕೆಟ್ಟದ್ದಕ್ಕಲ್ಲ ತಾಯಿ, ನಿಮ್ಮ ಹೊಟ್ಟೆ ತಣ್ಣಗಿರ್ಲಿ ಅಂತ.

ಅಷ್ಟೇ. ಇನ್ನೇನೂ ಇಲ್ಲ. ಗಾಯ ಕೀವಾಯ್ತು, ಜ್ವರ ಏರ್ತು, ಹೋದ. ಅವನ ಆಯಸ್ಸು ಅಷ್ಟಿತ್ತು. ಮುಚ್ಚಿಟ್ಟಿದ್ದು ನನ್ನ ತಪ್ಪು. ದೊಡ್ಡ ತಪ್ಪು. ಬೈಯಿ, ಚಪ್ಪಲೀಲಿ ಹೊಡಿ, ಬೇಡ ಅನ್ನಲ್ಲ. ನಾಳೆ ನಾನೇ ಬಂದು ನಿಮ್ಮತ್ತೆಗೆ... ಏನು? ಕವರಲ್ಲಿ ಇನ್ನೂ ಏನಿದೆ?

ಫೋಟೋ.

...ಮಣ್ಣಿನ ಗುಡ್ಡೆ. ಹೂವು ಹಾಕಿದಾಳೆ, ಪುಣ್ಯಾತಗಿತ್ತಿ. ಮರದ ಹಲಗೆ ಮೇಲೆ ಹೆಸರೂ ಬರೆಸಿದಾಳೆ ನೋಡು, ಒಂದಕ್ಷರ ತಪ್ಪಿಲ್ಲ. ಹುಟ್ಟಿದ್ದು ಸಾವಿರದ ಒಂಬೈನೂರ ನಲವತ್ತೆಂಟು, ಹೋದದ್ದು ಎಪ್ಪತ್ತಾರು. ಎಷ್ಟು ಅಚ್ಚುಕಟ್ಟು. ಕೆಳಗೆ? ಕೆಳಗೆ ಏನಿಲ್ಲ. ಅದು ಅವರ ಪದ್ಧತಿ, ಏನೋ ಜರ್ಮನ್ ಮಾತು, ‘ಶಾಂತಿ’ ಅಂತಲೋ ಏನೋ. ನಿನಗೆ ಅದೆಲ್ಲ... ಬೆರಳು ತೆಗಿ. ತೆಗಿ ರಾಜೇಶ್ವರಿ, ಫೋಟೋ ಹಾಳಾಗುತ್ತೆ.

ಓದ್ತೀನಿ. ತೋಳು ಬಿಡು, ಓದ್ತೀನಿ. ಬಿ. ಇ. ಡಿ. ಎ.

ಬೇಡ.

ಇದಕ್ಕೆ ನಿನಗೆ ಡಿಕ್ಷನರಿ ಬೇಕಾಗ್ಲಿಲ್ಲ, ಅಲ್ವಾ?

ನನ್ನ ಮಾತು ಕೇಳು. ಆ ಮುದುಕಿ ಮಾರ್ಚಲ್ಲಿ ಬರೆದಿದ್ಲು. ಅವನ ಪಕ್ಕದಲ್ಲಿ ಅವಳೇ ಕೂತಿದ್ಲಂತೆ. ನರ್ಸು ಸೂಜಿ ತಂದಾಗ ಅವನು ಎಡಗೈ ಅಡ್ಡ ಹಿಡ್ಕೊಂಡು ಆ ಒಂದೇ ಮಾತು ಹೇಳ್ತಿದ್ನಂತೆ, ‘ಬೇಡ, ಬೇಡ, ಬೇಡ’ ಅಂತ. ಜ್ವರದಲ್ಲಿ, ಕಲ್ತಿದ್ದ ನಾಕು ಜರ್ಮನ್ ಮಾತೂ ಮರೆತುಹೋಗಿತ್ತು ಅವನಿಗೆ. ಸೂಜಿಗೆ ಹೆದರಿದಾನೆ ಅಂತ ಹಿಡ್ಕೊಂಡು ಚುಚ್ಚಿದ್ರು. ಕಾಲು ಗಂಟೇಲಿ ಮುಗೀತು. ನನಗೆ ನಿದ್ದೆ ಬರ್ತಿಲ್ಲ, ಆ ಮಾತಿಗೆ ಏನರ್ಥ, ದಯವಿಟ್ಟು ತಿಳಿಸಿ ಅಂತ ಕೇಳಿದ್ಲು.

ನಮ್ಮ ಕಡೆ ಪ್ರಾಣ ಹೋಗೋವಾಗ ದೇವರನ್ನ ನೆನೆಯೋ ಮಾತು ಅಂತ ಬರೆದೆ. ಪ್ರಾರ್ಥನೆ ಅಂತ. ಮುದುಕಿಗೆ ನಿದ್ದೆ ಬರ್ಲಿ ಅಂತ! ಅವಳು ಅದನ್ನ ಹಲಗೆ ಮೇಲೆ ಕೊರೆಸಿ ನೆಡ್ತಾಳೆ ಅಂತ ನಾನು ಕನಸು ಕಂಡಿದ್ನಾ? ನಿನಗೂ ಅದೇ ಬರೆದಿದಾಳಾ, ‘ನಿಮ್ಮವರ ಪ್ರಾರ್ಥನೆ ಅವರ ಜೊತೇಲಿದೆ’ ಅಂತ? ಅಯ್ಯೋ ಶಿವನೇ...

ಯಾವ ಸೂಜಿ ಅಂತ ಕೇಳಲ್ವಾ? ಯಾರಾದ್ರೂ ಮೊದಲು ಅದನ್ನೇ ತಾನೇ ಕೇಳೋದು. ನೀನು ಕೇಳ್ತಿಲ್ಲ. ಅಂದ್ರೆ ನಿನಗೆ ಗೊತ್ತು. ಪೆನ್ಸಿಲಿನ್ ಅವನಿಗೆ ಆಗಲ್ಲ ಅಂತ ನಿನಗೆ ಗೊತ್ತು. ಹೆಂಡತಿ ಅಲ್ವಾ, ಮದುವೆ ಆದ ಹೊಸದ್ರಲ್ಲೇ ಹೇಳಿರ್ತಾನೆ. ಚಿಕ್ಕವನಿದ್ದಾಗ ಆ ಸೂಜಿ ಹಾಕಿಸ್ಕೊಂಡು ಮೈಯೆಲ್ಲ ಊದಿ, ಉಸಿರು ಕಟ್ಟಿ, ಸತ್ತು ಬದುಕಿದ್ದು. ಜನ್ಮದಲ್ಲಿ ಇದನ್ನ ಹಾಕಿಸ್ಬೇಡಿ ಅಂತ ಡಾಕ್ಟ್ರು ಚೀಟಿ ಕೊಟ್ಟಿದ್ದು.

ಆ ಚೀಟಿ ನಾನು ನೋಡಿದೀನಿ.

ಹಾಗೆ ನೋಡ್ಬೇಡ ನನ್ನ. ಹೇಳ್ತಿದೀನಲ್ಲ. ಜರ್ಮನಿಗೆ ಹೋಗೋ ಅರ್ಜಿ ತುಂಬಿಸ್ಕೊಳ್ಳೋಕೆ ಅವನು ಇಲ್ಲಿಗೇ ಬಂದಿದ್ದ, ಈಗ ನೀನು ಕೂತಿದೀಯಲ್ಲ, ಅಲ್ಲೇ ಕೂತಿದ್ದ. ಜೇಬಿಂದ ಆ ಚೀಟಿ ತೆಗೆದು ಮೇಜಿನ ಮೇಲಿಟ್ಟ. ಅರ್ಜೀಲಿ ಒಂದು ಕಡೆ ಇರುತ್ತೆ, ಕಾಯಿಲೆ ಕಸಾಲೆ, ಮೈಗೆ ಆಗದ ಔಷಧಿ, ಏನಾದ್ರೂ ಇದ್ರೆ ಬರೀರಿ ಅಂತ. ಅಲ್ಲಿ ಯಾರು ಬರೀತಾರೆ ಹೇಳು? ನಮ್ಮ ಜನದಲ್ಲಿ ಯಾರಾದ್ರೂ ಬರೆದದ್ದುಂಟಾ? ಇಲ್ಲ, ಇಲ್ಲ, ಇಲ್ಲ ಅಂತ ಗೀಚ್ಕೊಂಡು ಹೋಗೋದು! ರೇಷನ್ ಕಾರ್ಡಿಂದ ಹಿಡಿದು ಎಲ್ಲಾ ಫಾರಂಗೂ ನಾವು ತುಂಬೋದೇ ಹಾಗೆ. ಒಂದು ‘ಹೌದು’ ಅಂತ ಬರೆದ್ರೆ ಅರ್ಜಿ ಕಸದ ಬುಟ್ಟಿಗೆ. ಹದಿನಾಲ್ಕು ಹುಡುಗರನ್ನ ಕಳಿಸಿದೀನಿ ನಾನು, ಹದಿನಾಲ್ಕು ಅರ್ಜೀಲೂ ಹಾಗೇ ಬರೆದಿದೀನಿ. ಒಬ್ಬನಿಗೆ ಸಕ್ಕರೆ ಕಾಯಿಲೆ, ಒಬ್ಬನಿಗೆ ಮೂರ್ಛೆರೋಗ. ಹದಿಮೂರು ಜನ ಚೆನ್ನಾಗಿದಾರೆ. ಹದಿಮೂರು ಜನ!

ಆಸ್ಪತ್ರೆಯೋರೂ ಬರೆದಿದಾರೆ ನನಗೆ. ನಾವು ಅವನ ಅರ್ಜಿಯ ಆ ಹಾಳೆ ತರಿಸಿ ನೋಡಿಯೇ ಔಷಧಿ ಕೊಟ್ಟಿದ್ದು, ಅದರಲ್ಲಿ ‘ಇಲ್ಲ’ ಅಂತಿತ್ತು, ಇದನ್ನ ತುಂಬಿದೋರು ಯಾರು ಅಂತ. ಅದಕ್ಕೆ ನಾನು ಉತ್ತರ ಬರೀಲಿಲ್ಲ. ಅವನು ಸತ್ತ ಸುದ್ದಿ ನಿಮಗೆ ಹೇಳಿದ್ರೆ ಹೇಗೆ ಸತ್ತ ಅಂತ ಕೇಳ್ತಿದ್ರಿ. ಅದಕ್ಕೇ... ಉಪವಾಸ, ಶಿವರಾತ್ರಿ ಅಂದೆನಲ್ಲ, ಅದು ಮೊದಲನೇ ದಿನದ ನೆಪ. ಇಷ್ಟು ತಿಂಗಳು ಮುಚ್ಚಿಟ್ಟಿದ್ದು ಇದಕ್ಕೇ.

ಏಳ್ಬೇಡ. ಒಂದು ನಿಮಿಷ. ಅವನೂ ಒಪ್ಪಿಯೇ ಬರೆಸಿದ ಅಂತ ನಾನೀಗ ನಿನಗೆ ಹೇಳ್ಬಹುದು. ಹೇಳಿದ್ರೆ ಅಲ್ಲ ಅನ್ನೋರು ಯಾರೂ ಇಲ್ಲ. ಈ ಕೋಣೇಲಿ ಇದ್ದೋರು ಇಬ್ರೇ. ಆದ್ರೆ ನೀನು ಹೀಗೆ ಆ ಫೋಟೋ ನನ್ನ ಮುಂದೆ ಹಿಡ್ಕೊಂಡು ನಿಂತ್ಕೊಂಡ್ರೆ...

ನನ್ನ ಪೆನ್ನು ಆ ಜಾಗಕ್ಕೆ ಬಂತು. ಅವನು ನನ್ನ ಕೈ ಹಿಡ್ಕೊಂಡ. ಮೆತ್ತಗೆ ಹಿಡ್ಕೊಂಡ, ಹಿರಿಯೋನು ಅಂತ. ‘ಬೇಡ ಅಯ್ನೋರೇ’ ಅಂದ. ‘ಅಲ್ಲಿ ಇಲ್ಲ ಅಂತ ಬರೀಬೇಡಿ’ ಅಂದ. ನಾನು ನಕ್ಕು ಅವನ ಕೈ ಕೊಡವಿ ಬರೆದೆ.